ಕಾರ್ಖಾನೆಯಲ್ಲಿ ಆಧ್ಯಾತ್ಮ: ವ್ರತ ಹಿಡಿಯಬೇಕಾದವರು ಯಾರು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ತಂದೆಯವರು ಕಟ್ಟಿದ, ಲೋಹದ ಎರಕ ಹೊಯ್ಯುವ ಫೌಂಡ್ರಿ ಮತ್ತು ಮಷಿನ್ ಶಾಪನ್ನು ಈಗ ನಾನು ನಡೆಸುತ್ತಿದ್ದೇನೆ. ಕಾಯಂ ಮತ್ತು ಗುತ್ತಿಗೆಯವರು ಸೇರಿ ನೂರೈವತ್ತರಷ್ಟು ಜನ ಇದ್ದಾರೆ. ಕಳೆದ ವರ್ಷದಿಂದ ಬೆಳಗಿನ ಪಾಳಿಗೆ ಮೊದಲು ಹತ್ತು ನಿಮಿಷ ಪ್ರಾರ್ಥನೆ, ವಚನ ಪಠಣ ಮತ್ತು ಧ್ಯಾನ ಇಟ್ಟಿದ್ದೇನೆ. ಬರುವುದು ಐಚ್ಛಿಕ, ಆದರೆ ಶಿಸ್ತಿಗಾಗಿ ಸೂಪರ್‌ವೈಸರ್ ಹೆಸರು ಬರೆದುಕೊಳ್ಳುತ್ತಾರೆ. ಗೇಟಿನ ಬಳಿ ನಮ್ಮ ಮೌಲ್ಯಗಳ ಫಲಕ ಹಾಕಿಸಿದ್ದೇನೆ. ಆದರೂ ಎರಕದ ಅಚ್ಚು ಕಟ್ಟುವ ನುರಿತ ಮೋಲ್ಡರ್‌ಗಳು ಬಿಟ್ಟು ಹೋಗುತ್ತಿದ್ದಾರೆ. ಹಿರಿಯ ಕೆಲಸಗಾರರೊಬ್ಬರು ಮೊನ್ನೆ, ‘ಪ್ರಾರ್ಥನಾ ನಿಮ್ಮದರೀ ಸಾಹೇಬ್ರ, ಹತ್ತು ನಿಮಿಷ ನಮ್ಮದು’ ಎಂದರು. ಆ ಮಾತು ಮನಸ್ಸಿಗೆ ಹತ್ತಿದೆ. ಕೆಲಸದ ಜಾಗಕ್ಕೆ ಆಧ್ಯಾತ್ಮವನ್ನು ತಂದದ್ದೇ ತಪ್ಪೇ? ಮೌಲ್ಯಗಳ ಮೇಲೆ ನಿಂತ ನಾಯಕತ್ವ ಎಂದರೆ ದಿನದಿನದ ಕೆಲಸದಲ್ಲಿ ಏನು? ಸೂಪರ್‌ವೈಸರ್‌ಗಳಿಗೆ ಎರಡು ದಿನದ ವಸತಿ ಶಿಬಿರ ಮಾಡಿಸಿಕೊಡುತ್ತೇವೆಂದು ಸಲಹೆಗಾರರೊಬ್ಬರು ಹೇಳುತ್ತಿದ್ದಾರೆ, ಅದಕ್ಕೆ ಹಣ ಹಾಕಲೇ?

ಉತ್ತರ: ನಿಮ್ಮ ಹಿರಿಯ ಕೆಲಸಗಾರರ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅವರು ಲೆಕ್ಕ ಹಾಕಿಯೇ ಮಾತಾಡಿದ್ದಾರೆ. ದಿನಕ್ಕೆ ಹತ್ತು ನಿಮಿಷವೆಂದರೆ ತಿಂಗಳ 26 ದಿನಕ್ಕೆ 260 ನಿಮಿಷ, ಅಂದರೆ ನಾಲ್ಕು ಗಂಟೆಗೂ ಹೆಚ್ಚು. ಹೆಸರು ಬರೆದುಕೊಳ್ಳುವ ಕಡೆ ಐಚ್ಛಿಕ ಎಂಬ ಮಾತಿಗೆ ಬೆಲೆಯಿಲ್ಲ. ಮುಂದಿನ ಬಡ್ತಿಯನ್ನೂ ರಜೆಯನ್ನೂ ಅದೇ ಸೂಪರ್‌ವೈಸರ್ ಶಿಫಾರಸು ಮಾಡಬೇಕಾಗಿರುವಾಗ ಆ ಪಟ್ಟಿಯಲ್ಲಿ ಹೆಸರಿಲ್ಲದೆ ಇರುವ ಧೈರ್ಯ ಎಷ್ಟು ಜನಕ್ಕಿದ್ದೀತು? ಬರಲೇಬೇಕಾದ ಸಮಯ ಕೆಲಸದ ಸಮಯವೇ, ಅದಕ್ಕೆ ಕೂಲಿ ಸಲ್ಲಬೇಕು. ನಿಮ್ಮ ಉದ್ದೇಶ ಒಳ್ಳೆಯದೆಂಬುದರಲ್ಲಿ ನನಗೆ ಅನುಮಾನವಿಲ್ಲ, ಆದರೆ ಆ ಉದ್ದೇಶಕ್ಕೆ ತಗಲುವ ವೆಚ್ಚವನ್ನು ಇಲ್ಲಿಯವರೆಗೆ ಅವರು ಭರಿಸಿದ್ದಾರೆ, ನೀವು ಭರಿಸಿಲ್ಲ.

ಆಧ್ಯಾತ್ಮವನ್ನು ಕೆಲಸದ ಜಾಗಕ್ಕೆ ತಂದದ್ದು ತಪ್ಪಲ್ಲ. ದಿನದ ಎಂಟು ಗಂಟೆ ಕಳೆಯುವ ಜಾಗದಲ್ಲಿ ಮನುಷ್ಯನ ಅಂತರಂಗಕ್ಕೆ ಪ್ರವೇಶವಿಲ್ಲ ಎನ್ನುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ. ಆದರೆ ಆ ಆಧ್ಯಾತ್ಮದ ಕಟ್ಟುಪಾಡು ಯಾರ ಮೇಲೆ ಬೀಳುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೂಲಿ ನಿಗದಿ ಮಾಡುವ, ಕೆಲಸಕ್ಕೆ ಸೇರಿಸಿಕೊಳ್ಳುವ, ತೆಗೆಯುವ ಅಧಿಕಾರ ಯಾರ ಕೈಯಲ್ಲಿದೆಯೋ ವ್ರತವನ್ನು ಅವರು ಹಿಡಿಯಬೇಕು. ಅವರ ಕೆಳಗೆ ದುಡಿಯುವವರಿಗೆ ಆ ವ್ರತದ ಫಲ ನ್ಯಾಯವಾದ ಕೂಲಿಯಾಗಿ, ಮರ್ಯಾದೆಯಾಗಿ, ಸುಳ್ಳು ಹೇಳಬೇಕಾಗಿಲ್ಲದ ನಿರಾಳವಾಗಿ ತಲುಪಬೇಕು. ನಿಮ್ಮಲ್ಲಿ ಸದ್ಯ ವ್ರತ ಕೆಳಗಿದೆ. ನಾನು ಹೇಳಬೇಕಾದದ್ದೆಲ್ಲ ಇದೊಂದೇ ಮಾತಿನ ವಿಸ್ತಾರ.

ವಚನ ಓದಿಸುತ್ತೀರಿ ಎಂದಿದ್ದೀರಿ. ಹಾಗಾದರೆ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗ ನಿಮಗೆ ಗೊತ್ತಿರುತ್ತದೆ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂತು. ಬಸವಣ್ಣನವರೇ ಬೇಕೆಂದು ಹೆಚ್ಚಾಗಿ ಚೆಲ್ಲಿಸಿದ್ದರೆಂದು ಕತೆ ಹೇಳುತ್ತದೆ. ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ‘ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ’ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ನಮ್ಮ ಕಚೇರಿ, ಕಾರ್ಖಾನೆಗಳಲ್ಲಿ ಈ ಪ್ರಸಂಗವನ್ನು ಕೆಲಸಗಾರರಿಗೆ ಅಲ್ಪತೃಪ್ತಿಯ ಪಾಠವಾಗಿ ಹೇಳುವುದನ್ನು ಬಹಳ ಕಡೆ ಕೇಳಿದ್ದೇನೆ, ಮತ್ತು ಕೇಳಿದಾಗಲೆಲ್ಲ ನೋವಾಗಿದೆ. ಲಕ್ಕಮ್ಮ ಆ ಮಾತನ್ನು ಹೇಳಿದ್ದು ತನ್ನ ಮನೆಯಲ್ಲಿ, ತನ್ನ ಗಂಡನಿಗೆ, ತಮ್ಮಿಬ್ಬರ ಪಾಲಿನ ಬಗ್ಗೆ. ಅದೇ ವಚನದ ಮೊದಲ ಸಾಲು ಆಸೆಯೆಂಬುದು ‘ಅರಸಿಂಗಲ್ಲದೆ ಶಿವಭಕ್ತರಿಗುಂಟೆ’ ಎಂದು ಕೇಳುತ್ತದೆ. ಕಾರ್ಖಾನೆಯ ಒಡೆಯರು ಮೈಕಿನ ಮುಂದೆ ನಿಂತು ಇದನ್ನು ಓದಿದಾಗ ಆ ವಚನದ ಅರಸು ಯಾರು ಎಂಬುದು ಸಾಲಿನಲ್ಲಿ ನಿಂತ ಮೋಲ್ಡರ್‌ಗೆ ಸ್ಪಷ್ಟವಾಗಿ ಕಾಣುತ್ತದೆ. ‘ಕಾಯಕವೇ ಕೈಲಾಸ’ ಎಂಬ ಮಾತಿಗೂ ಇದೇ ಗತಿಯಾಗಿದೆ. ಅದು ಬರುವ ಮಾರಯ್ಯನ ವಚನದಲ್ಲಿ, ಕಾಯಕದಲ್ಲಿ ತೊಡಗಿದವನು ಗುರು ಬಂದರೂ ಮರೆಯಬೇಕು, ಜಂಗಮ ಮುಂದೆ ನಿಂತರೂ ಅವನ ಹಂಗನ್ನು ಹರಿಯಬೇಕು. ದುಡಿಯುವವನ ಘನತೆಯನ್ನು ಎಲ್ಲ ಅಧಿಕಾರಕ್ಕಿಂತ ಮೇಲೆ ಇಟ್ಟ ಮಾತದು. ಅದರ ಜೊತೆಯಲ್ಲೇ ಇರುವ ದಾಸೋಹ, ಅಂದರೆ ಗಳಿಸಿದ್ದನ್ನು ಹಂಚುವ ಹೊಣೆ, ಗಳಿಕೆ ಹೆಚ್ಚಿದ್ದವರ ಮೇಲೆ ಹೆಚ್ಚು ಬೀಳುತ್ತದೆ. ನಿಮ್ಮ ಫಲಕದಲ್ಲಿ ಕಾಯಕ ಇದ್ದು ದಾಸೋಹ ಇಲ್ಲದಿದ್ದರೆ ಅರ್ಧ ಮಾತ್ರ ಬರೆಸಿದ್ದೀರಿ.

ಆಧ್ಯಾತ್ಮಿಕ ಬಲವನ್ನು ದುಡಿಮೆಯ ವ್ಯವಹಾರಕ್ಕೆ ತಂದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿ ಅಹಮದಾಬಾದಿನ 1918ರ ಗಿರಣಿ ಮುಷ್ಕರಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹಿಂದಿನ ವರ್ಷದ ಪ್ಲೇಗಿನ ಕಾಲದಲ್ಲಿ ಕೆಲಸಗಾರರು ಊರು ಬಿಟ್ಟು ಹೋಗದಿರಲೆಂದು ಮಾಲೀಕರು ಪ್ಲೇಗ್ ಬೋನಸ್ ಕೊಟ್ಟಿದ್ದರು. ಪ್ಲೇಗ್ ಇಳಿದ ಮೇಲೆ ಅದನ್ನು ನಿಲ್ಲಿಸಿದರು, ಆದರೆ ಯುದ್ಧಕಾಲದ ಬೆಲೆಗಳು ಇಳಿಯಲಿಲ್ಲ. ಮಾಲೀಕರು ಶೇ. 20 ಏರಿಕೆಗೆ ಒಪ್ಪಿದ್ದರು. ಗಾಂಧೀಜಿ ಎರಡೂ ಕಡೆಯ ಲೆಕ್ಕ ನೋಡಿ ಶೇ. 35 ನ್ಯಾಯವೆಂದರು, ಮತ್ತು ಕೆಲಸಗಾರರಿಂದ ಅದು ಸಿಗುವವರೆಗೆ ಕೆಲಸಕ್ಕೆ ಮರಳದ, ಹಿಂಸೆಗಿಳಿಯದ ಪ್ರತಿಜ್ಞೆ ಮಾಡಿಸಿದರು. ಮಾಲೀಕರ ಪಕ್ಷದ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕೆಲಸಗಾರರ ಪಕ್ಷದಲ್ಲಿ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ. ಸಬರಮತಿಯ ದಂಡೆಯಲ್ಲಿ ಜಾಲಿ ಮರದ ಕೆಳಗೆ ಪ್ರತಿದಿನ ಸಭೆ ನಡೆಯುತ್ತಿತ್ತು. ಕೂಲಿಯಿಲ್ಲದ ದಿನಗಳಲ್ಲಿ ದಾನಕ್ಕೆ ಕೈಯೊಡ್ಡಬಾರದೆಂದು ಆಶ್ರಮದ ನೇಯ್ಗೆ ಶಾಲೆಯ ಅಡಿಪಾಯಕ್ಕೆ ಮರಳು ಹೊರುವ ಕೆಲಸ ಕೊಡಲಾಯಿತು. ಸಾಲಿನ ಮುಂದೆ ಅನಸೂಯಾ ನಡೆಯುತ್ತಿದ್ದರೆಂದು ಗಾಂಧೀಜಿ ಬರೆದಿದ್ದಾರೆ.

ಮಾರ್ಚ್ ಮಧ್ಯದ ಹೊತ್ತಿಗೆ ಕೆಲಸಗಾರರು ಬಸವಳಿದರು. ಸಭೆಗೆ ಕರೆಯಲು ಹೋದವರಿಗೆ ಚಾಳಿನ ಜನ, ಗಾಂಧೀಜಿಗೇನು, ಮೋಟಾರಿನಲ್ಲಿ ಬಂದು ಹೋಗುತ್ತಾರೆ, ಚೆನ್ನಾಗಿ ಉಣ್ಣುತ್ತಾರೆ, ಸಾಯುತ್ತಿರುವವರು ನಾವು ಎಂಬ ಅರ್ಥದ ಮಾತು ಹೇಳಿ ಕಳಿಸಿದರು. ನಿಮ್ಮ ಹಿರಿಯ ಕೆಲಸಗಾರರ ಮಾತಿಗೂ ಈ ಮಾತಿಗೂ ಎಷ್ಟು ಹತ್ತಿರದ ನಂಟಿದೆ ನೋಡಿ. ಇದನ್ನು ಕೇಳಿದ ಗಾಂಧೀಜಿ ಕೆಲಸಗಾರರಿಗೆ ತಾಳ್ಮೆಯ ಮೇಲೆ ಇನ್ನೊಂದು ಉಪನ್ಯಾಸ ಕೊಡಲಿಲ್ಲ. ಮಾರ್ಚ್ 15ರಂದು, ಒಪ್ಪಂದವಾಗುವ ತನಕ ಊಟವನ್ನೂ ಮೋಟಾರನ್ನೂ ಮುಟ್ಟುವುದಿಲ್ಲವೆಂದು ಸಭೆಯಲ್ಲೇ ಘೋಷಿಸಿದರು. ಬೇರೆಯವರು ಹೊತ್ತ ಪ್ರತಿಜ್ಞೆಯ ಭಾರವನ್ನು ತಮ್ಮ ಮೈಮೇಲೆ ಎಳೆದುಕೊಂಡರು. ಮಾರ್ಚ್ 18ಕ್ಕೆ ರಾಜಿಯಾಯಿತು: ಮೊದಲ ದಿನ ಶೇ. 35, ಎರಡನೆಯ ದಿನ ಶೇ. 20, ಮೂರನೆಯ ದಿನದಿಂದ ಪಂಚಾಯಿತಿಯ ತೀರ್ಪು ಬರುವವರೆಗೆ ಶೇ. 27.5. ಕೆಲಸಗಾರರ ಪ್ರತಿಜ್ಞೆಯೂ ಉಳಿಯಿತು, ಮಾಲೀಕರ ಮಾತೂ ಉಳಿಯಿತು. ಪಂಚರಾಗಿದ್ದ ಆನಂದಶಂಕರ ಧ್ರುವ ಕೊನೆಗೆ ಶೇ. 35 ಎಂದೇ ತೀರ್ಪು ಕೊಟ್ಟರು. 1920ರಲ್ಲಿ ಆ ಊರಿನ ಜವಳಿ ಕಾರ್ಮಿಕರ ಸಂಘ, ಮಜೂರ್ ಮಹಾಜನ, ಹುಟ್ಟಿದ್ದು ಇದೇ ಬೇರಿನಿಂದ.

ಇದಕ್ಕೂ ಮುಖ್ಯವಾದ ಭಾಗ ಬೇರೆಯಿದೆ. ಆ ಉಪವಾಸದಲ್ಲಿ ಗಂಭೀರ ದೋಷವಿತ್ತೆಂದು ಗಾಂಧೀಜಿಯೇ ಮುಂದೆ ಬರೆದರು. ಮಾಲೀಕರಲ್ಲಿ ಹಲವರು ತಮ್ಮ ಆಪ್ತರಾಗಿದ್ದರಿಂದ ತಾವು ಊಟ ಬಿಟ್ಟದ್ದು ಅವರ ಮೇಲೆ ಒತ್ತಡವಾಯಿತು, ಅವರ ನಿರ್ಧಾರದ ಮೇಲೆ ಮುಷ್ಕರವೊಂದೇ ಪ್ರಭಾವ ಬೀರಬೇಕಿತ್ತು ಎಂಬುದು ಅವರ ವಿವೇಚನೆ. ಯಾರ ಮೇಲೂ ಕೈ ಎತ್ತದ, ತನ್ನ ಹೊಟ್ಟೆಯನ್ನು ಮಾತ್ರ ದಂಡಿಸಿಕೊಂಡ ವ್ಯಕ್ತಿಗೇ ತನ್ನ ಆಧ್ಯಾತ್ಮಿಕ ಬಲ ಬೇರೆಯವರ ಸ್ವಾತಂತ್ರ್ಯವನ್ನು ಕುಗ್ಗಿಸಿತೆಂದು ಅನ್ನಿಸಿದ ಮೇಲೆ, ಹೆಸರು ಬರೆದುಕೊಳ್ಳುವ ಸೂಪರ್‌ವೈಸರ್‌ನೊಡನೆ ನಡೆಯುವ ಪ್ರಾರ್ಥನೆಯ ಬಗ್ಗೆ ನಾವು ಎಷ್ಟು ಎಚ್ಚರವಾಗಿರಬೇಕು! ಪವಿತ್ರವಾದದ್ದಕ್ಕೆ ‘ಬೇಡ’ ಎನ್ನುವುದು ಜನರಿಗೆ ಕಷ್ಟ. ಅದನ್ನು ಬಳಸುವವರ ಹೊಣೆ ಅದರಿಂದಲೇ ಹೆಚ್ಚುತ್ತದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಮೌಲ್ಯ ದಿನದ ಕೆಲಸದಲ್ಲಿ ಎಲ್ಲಿರುತ್ತದೆ ಎಂದರೆ, ವಿಧಾನದೊಳಗೆ ಇರುತ್ತದೆ. ಮದುರೆಯ ಅರವಿಂದ ಕಣ್ಣಾಸ್ಪತ್ರೆಯನ್ನು ಇದಕ್ಕಾಗಿ ನೋಡಬೇಕು. ಡಾ. ಜಿ. ವೆಂಕಟಸ್ವಾಮಿಯವರು ಸರ್ಕಾರಿ ಸೇವೆಯಿಂದ ನಿವೃತ್ತರಾಗಿ, 1976ರಲ್ಲಿ ತಮ್ಮ ಒಡಹುಟ್ಟಿದವರ ಜೊತೆ 11 ಹಾಸಿಗೆಗಳಿಂದ ಅದನ್ನು ಆರಂಭಿಸಿದರು. ಯೌವನದಲ್ಲೇ ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಅದೇ ಬೆರಳುಗಳಲ್ಲಿ ಶಸ್ತ್ರದ ಅಲಗು ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡವರು ಅವರು. ಶ್ರೀ ಅರವಿಂದರ ಸಾಧನೆಯ ಮಾರ್ಗದಲ್ಲಿ ಅವರಿಗೆ ಅಚಲ ನಿಷ್ಠೆಯಿತ್ತು, ಆಸ್ಪತ್ರೆಯ ಹೆಸರೂ ಅಲ್ಲಿಂದಲೇ ಬಂದದ್ದು. ಆದರೆ ಹಳ್ಳಿಯಿಂದ ಬಂದ ಕುರುಡು ಅಜ್ಜಿಗೆ ತಲುಪಿದ್ದು ಧ್ಯಾನದ ಉಪದೇಶವಾಗಿರಲಿಲ್ಲ. ಹಣ ಕೊಡಬಲ್ಲವರ ಶುಲ್ಕದಿಂದ ಕೊಡಲಾಗದವರ ಚಿಕಿತ್ಸೆ ನಡೆಯುವಂತೆ ಲೆಕ್ಕವನ್ನು ಕಟ್ಟಲಾಗಿತ್ತು. ಶುಲ್ಕದ ಕಡೆಗೂ ಉಚಿತದ ಕಡೆಗೂ ಅದೇ ವೈದ್ಯರು ಸರದಿಯ ಮೇಲೆ ಹೋಗುತ್ತಿದ್ದರು. ಒಬ್ಬರ ಶಸ್ತ್ರಚಿಕಿತ್ಸೆ ಮುಗಿಯುವ ಹೊತ್ತಿಗೆ ಪಕ್ಕದ ಮೇಜಿನ ಮೇಲೆ ಮುಂದಿನವರು ಸಿದ್ಧರಾಗಿರುವಂತೆ ಕೆಲಸ ಹೊಂದಿಸಿದ್ದರಿಂದ ವೈದ್ಯರ ಒಂದು ನಿಮಿಷವೂ ಪೋಲಾಗುತ್ತಿರಲಿಲ್ಲ. ಕಣ್ಣಿನೊಳಗೆ ಇಡುವ ಆಮದು ಮಸೂರ ಬಡವರಿಗೆ ಎಟುಕದ ಬೆಲೆಯಲ್ಲಿದ್ದಾಗ, 1992ರಲ್ಲಿ ಆರೋಲ್ಯಾಬ್ ಸ್ಥಾಪಿಸಿ ಆ ಬೆಲೆಯ ಒಂದು ಸಣ್ಣ ಅಂಶಕ್ಕೆ ಮಸೂರವನ್ನು ತಾವೇ ತಯಾರಿಸಿದರು.

ಕಾರ್ಖಾನೆ ನಡೆಸುವ ನಿಮಗೆ ಇದು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ವೆಂಕಟಸ್ವಾಮಿಯವರ ಕರುಣೆ ಎರಡು ಮೇಜುಗಳ ನಡುವಿನ ಅಂತರದಲ್ಲಿ, ವೈದ್ಯರ ಸರದಿ ಪಟ್ಟಿಯಲ್ಲಿ, ಮಸೂರದ ಬೆಲೆಯಲ್ಲಿ ಇತ್ತು. ಅವರು 2006ರಲ್ಲಿ ತೀರಿಕೊಂಡ ಮೇಲೂ ಆಸ್ಪತ್ರೆ ಬೆಳೆದದ್ದಕ್ಕೆ ಇದೂ ಒಂದು ಕಾರಣ ಎಂದು ನಾನು ಭಾವಿಸುತ್ತೇನೆ: ವ್ಯಕ್ತಿಯ ಒಳ್ಳೆಯತನವನ್ನು ಮಾತ್ರ ನೆಚ್ಚಿದ ಸಂಸ್ಥೆ ಆ ವ್ಯಕ್ತಿಯೊಡನೆ ಮುಗಿಯುತ್ತದೆ, ಪದ್ಧತಿಗೆ ಇಳಿದ ಒಳ್ಳೆಯತನ ಮುಂದಿನವರ ಕೈಗೂ ಸಿಗುತ್ತದೆ. ತಂದೆಯಿಂದ ಕಾರ್ಖಾನೆ ಪಡೆದ ನಿಮಗೆ ಇದರ ಅನುಭವ ಇದ್ದೇ ಇರುತ್ತದೆ. ಆದರೆ ಒಂದು ಎಚ್ಚರಿಕೆ. ಆಸ್ಪತ್ರೆ, ಶಾಲೆ, ಮಠದ ಸಂಸ್ಥೆಗಳಲ್ಲಿ ‘ಇದು ಸೇವೆ’ ಎಂಬ ಮಾತನ್ನು ಕಡಿಮೆ ಸಂಬಳಕ್ಕೆ ಸಮಾಧಾನವಾಗಿ ಬಳಸುವ ರೂಢಿ ನಮ್ಮಲ್ಲಿದೆ. ಸೇವೆ ಮಾಡುವ ಸಂಕಲ್ಪ ಸ್ವಂತದ್ದಾಗಿರಬೇಕು, ಅದರ ವೆಚ್ಚವನ್ನು ಇನ್ನೊಬ್ಬರ ಸಂಬಳದಿಂದ ಮುರಿದುಕೊಳ್ಳುವಂತಿಲ್ಲ.

ನಿಮ್ಮ ಘಟಕದಲ್ಲಿ ಮೌಲ್ಯಗಳು ಇರುವ ಜಾಗಗಳು ನನಗೆ ತೋರುವಂತೆ ಇವು. ಮೊದಲನೆಯದು ಫೆಟ್ಲಿಂಗ್ ವಿಭಾಗ. ಎರಕದ ಮರಳನ್ನು ಬಿಡಿಸಿ ಉಜ್ಜುವ ಕಡೆ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ; ಬಂದ ಮೇಲೆ ಅದನ್ನು ಗುಣಪಡಿಸುವ ಔಷಧಿಯಿಲ್ಲ. ಅಲ್ಲಿ ದುಡಿಯುವವರು ಬಹುಪಾಲು ಗುತ್ತಿಗೆಯವರಾಗಿರುತ್ತಾರೆ, ಹಾಗಾಗಿ ಹತ್ತು ವರ್ಷದ ನಂತರದ ಕೆಮ್ಮು ಯಾವ ಕಾರ್ಖಾನೆಯ ಲೆಕ್ಕಕ್ಕೂ ಬರುವುದಿಲ್ಲ. ಧೂಳು ಹೀರುವ ಯಂತ್ರ ಸರಿಯಾಗಿ ಎಳೆಯುತ್ತಿದೆಯೇ, ಮುಖಕ್ಕೆ ಕಟ್ಟಿಕೊಂಡದ್ದು ನಿಜವಾದ ಮಾಸ್ಕೇ ಅಥವಾ ಹೆಗಲ ಮೇಲಿನ ಟವೆಲ್ಲೇ, ಅವರಿಗೂ ಕಾಯಂನವರಷ್ಟೇ ವೈದ್ಯಕೀಯ ತಪಾಸಣೆ ಇದೆಯೇ? ಮುಂಜಾನೆಯ ಹತ್ತು ನಿಮಿಷ ಉಸಿರಿನ ಮೇಲೆ ಗಮನವಿಡಲು ಹೇಳಿ, ಉಳಿದ ಎಂಟು ಗಂಟೆ ಆ ಉಸಿರಿನೊಳಗೆ ಏನು ಹೋಗುತ್ತಿದೆ ಎಂಬುದನ್ನು ನೋಡದೆ ಇರುವುದು ಸಲ್ಲದು.

ಮಷಿನ್ ಶಾಪಿನಲ್ಲಿ ಕಂಪ್ಯೂಟರ್ ನಡೆಸುವ ಸಿ.ಎನ್‌.ಸಿ. ಯಂತ್ರದ, ಬಾಗಿಲು ತೆರೆದಾಗ ಅದು ಓಡದಂತೆ ತಡೆಯುವ ಇಂಟರ್‌ಲಾಕನ್ನು ಕೆಲವು ಸೆಕೆಂಡ್ ಉಳಿಸಲು ಬೈಪಾಸ್ ಮಾಡಿದ್ದರೆ, ಅದನ್ನು ಮಾಡಿದ ಆಪರೇಟರ್‌ಗಿಂತ ಮೊದಲು ಆತನಿಗೆ ಕೊಟ್ಟ ದಿನದ ಗುರಿಯನ್ನು ಪ್ರಶ್ನಿಸಬೇಕು. ಎರಕದಲ್ಲಿ ಬ್ಲೋ ಹೋಲ್, ಅಂದರೆ ಗಾಳಿ ಸಿಕ್ಕಿ ಆದ ಪೊಳ್ಳು, ಕಂಡಿದೆ, ಲಾರಿ ಗೇಟಿನಲ್ಲಿ ನಿಂತಿದೆ, ಮಾರ್ಚ್ 31ರ ಸಂಜೆಯಾಗಿದೆ, ಇನ್‌ಸ್ಪೆಕ್ಷನ್‌ನವರು ಸಹಿ ಹಾಕಬೇಕಾಗಿದೆ. ನಿಮ್ಮ ಕಾರ್ಖಾನೆಯ ಧರ್ಮ ಏನೆಂಬುದನ್ನು ನಿಮ್ಮ ಜನ ಕಲಿಯುವುದು ಆ ಸಂಜೆ ನೀವು ಫೋನಿನಲ್ಲಿ ಹೇಳುವ ಮಾತಿನಿಂದ. ನಿಗದಿತ ಮಿತಿ ಮೀರಿದ ದುಡಿಮೆಗೆ ದುಪ್ಪಟ್ಟು ದರದಲ್ಲಿ ಕೂಲಿ ಕೊಡಬೇಕೆಂಬುದು ಕಾರ್ಖಾನೆಗಳಿಗೆ ಅನ್ವಯಿಸುವ ಕಾನೂನು. ಅದನ್ನು ಪಾಲಿಸುವುದನ್ನು ಔದಾರ್ಯವೆಂದು ಕರೆಯಬೇಡಿ. ಹಾಗೆಯೇ ನಿಮಗೆ ಜಾಬ್ ವರ್ಕ್ ಮಾಡಿಕೊಡುವ ಸಣ್ಣ ಘಟಕಗಳ ಬಿಲ್ಲು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಬೇಕು ಎಂದು 2006ರ ಕಾಯ್ದೆ ಹೇಳುತ್ತದೆ. ಆ ಬಡ್ಡಿಯನ್ನು ಕೇಳುವ ಧೈರ್ಯ ಸಣ್ಣವರಿಗೆ ಇರುವುದಿಲ್ಲ, ಮುಂದಿನ ಆರ್ಡರ್ ನಿಮ್ಮ ಕೈಯಲ್ಲಿದೆ. ಕೇಳದಿದ್ದರೂ ಕೊಡುವುದು, ಅಥವಾ ಕೇಳುವ ಪ್ರಸಂಗವೇ ಬಾರದಂತೆ ಕೊಡುವುದು ನಿಮ್ಮ ವ್ರತವಾಗಬಹುದು. ಮೌಲ್ಯಗಳ ಫಲಕವನ್ನು ಗೇಟಿನಿಂದ ತೆಗೆದು ಇಂಥ ನಾಲ್ಕಾರು ಸಂಕಲ್ಪಗಳನ್ನು, ‘ನಾವು’ ಎಂದು ಬರೆಯದೆ ‘ಮಾಲೀಕನಾದ ನಾನು’ ಎಂದು ಬರೆದು, ಸಂಬಳದ ಕಿಟಕಿಯ ಬಳಿ ಹಾಕಿಸಿ ನೋಡಿ.

ನಿಮಗೆ ‘ಬೇಡ’ ಎನ್ನಬಲ್ಲವರು ಯಾರು ಎಂಬುದನ್ನೂ ಕೇಳಿಕೊಳ್ಳಬೇಕು. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಚೆಲ್ಲಿಸಿದ ಅಕ್ಕಿಯನ್ನು ಅಕ್ಕಿ ಆಯುವವನ ಹೆಂಡತಿ ವಾಪಸು ಕಳಿಸಬಲ್ಲವಳಾಗಿದ್ದಳು, ಮತ್ತು ಆ ನಡತೆಯನ್ನು ಶರಣರ ಪರಂಪರೆ ಗೌರವದಿಂದ ನೆನೆಯಿತು. ನಿಮ್ಮಲ್ಲಿ ಇನ್‌ಸ್ಪೆಕ್ಷನ್ ಮುಖ್ಯಸ್ಥರಿಗೆ ನಿಮ್ಮನ್ನು ಕೇಳದೆ ಲಾರಿ ನಿಲ್ಲಿಸುವ ಅಧಿಕಾರವನ್ನು ಬರವಣಿಗೆಯಲ್ಲಿ ಕೊಡಿ, ಅವರು ಅದನ್ನು ಮೊದಲ ಬಾರಿ ಬಳಸಿದಾಗ ಎಲ್ಲರೆದುರು ಅವರ ಪರ ನಿಲ್ಲಿ. ಬಿಟ್ಟು ಹೋದ ಮೋಲ್ಡರ್‌ಗಳಲ್ಲಿ ಇಬ್ಬರು ಮೂವರನ್ನು ಅವರ ಮನೆಗೇ ಹೋಗಿ ಕಂಡು ಕಾರಣ ಕೇಳಿ. ಈಗ ಅವರ ಹೊಟ್ಟೆಪಾಡು ನಿಮ್ಮ ಕೈಯಲ್ಲಿಲ್ಲವಾದ್ದರಿಂದ ನಿಜ ಹೇಳುತ್ತಾರೆ. ಅವರ ಮಾತು ನನ್ನ ಈ ಉತ್ತರಕ್ಕಿಂತ ನಿಮಗೆ ಹೆಚ್ಚು ಉಪಯೋಗವಾದೀತು.

ಪ್ರಾರ್ಥನೆಯನ್ನು ಏನು ಮಾಡಬೇಕು? ಹೆಸರು ಬರೆಯುವುದನ್ನು ನಾಳೆಯಿಂದಲೇ ನಿಲ್ಲಿಸಿ. ಸಾಮೂಹಿಕ ಪಠಣದ ಬದಲು, ಪಾಳಿಯ ಒಳಗೆ, ಕೂಲಿಯ ಸಮಯದಲ್ಲಿ, ಎರಡು ನಿಮಿಷದ ಮೌನ ಇಡಬಹುದು. ಆ ಮೌನದಲ್ಲಿ ಯಾರು ಯಾರನ್ನು ನೆನೆಯುತ್ತಾರೆಂಬುದು ಅವರವರ ಪಾಲಿನದು. ನಿಮಗೆ ವಚನಗಳು ಎಲ್ಲ ಮತಗಳನ್ನೂ ದಾಟಿದ ಮಾತುಗಳೆಂದು ಅನ್ನಿಸಬಹುದು, ನನಗೂ ಹಾಗೆಯೇ ಅನ್ನಿಸುತ್ತದೆ. ಆದರೆ ನಮಾಜು ಮಾಡುವವರಿಗೆ, ಚರ್ಚಿಗೆ ಹೋಗುವವರಿಗೆ, ಯಾವ ದೇವರನ್ನೂ ಒಪ್ಪದವರಿಗೆ ಹಾಗೆ ಅನ್ನಿಸಲೇಬೇಕೆಂದು ನಾವು ಹೇಳುವಂತಿಲ್ಲ. ಸಂವಿಧಾನದ 25ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ, ಆ ಗೌರವ ಕಾರ್ಖಾನೆಯ ಗೇಟಿನೊಳಗೂ ಉಳಿಯಬೇಕು. ವಚನ ಓದುವುದನ್ನು ನೀವು ಬಿಡಬೇಕಾಗಿಲ್ಲ. ಬೆಳಿಗ್ಗೆ ನಿಮ್ಮ ಕೋಣೆಯಲ್ಲಿ, ಕೂಲಿ ಮತ್ತು ಕೆಲಸದ ಕಡತಗಳನ್ನು ತೆರೆಯುವ ಮೊದಲು, ಒಬ್ಬರೇ ಕೂತು ಓದಿ. ಧ್ಯಾನ ನಿಮ್ಮ ಸಿಟ್ಟನ್ನು ಇಳಿಸಿ, ಕೆಟ್ಟ ಸುದ್ದಿ ತಂದ ಸೂಪರ್‌ವೈಸರ್ ಮಾತನ್ನು ಪೂರ್ತಿ ಕೇಳುವ ಶಕ್ತಿ ಕೊಟ್ಟರೆ ಶಾಪ್ ಫ್ಲೋರಿಗೆ ಅದರ ಲಾಭ ತಾನಾಗಿಯೇ ಮುಟ್ಟುತ್ತದೆ.

ಶಿಬಿರದ ವಿಷಯ. ಇಂಥ ಶಿಬಿರಗಳಿಂದ ನಿಷ್ಠೆಯೂ ಉತ್ಪಾದನೆಯೂ ಹೆಚ್ಚುತ್ತದೆಂದು ಸಲಹೆಗಾರರು ಅಧ್ಯಯನಗಳನ್ನು ತೋರಿಸಬಹುದು. ಈ ಕ್ಷೇತ್ರದ ಬಹಳಷ್ಟು ಅಧ್ಯಯನಗಳು ಕೆಲಸಗಾರರೇ ತುಂಬಿದ ಪ್ರಶ್ನಾವಳಿಗಳ ಮೇಲೆ ನಿಂತಿವೆ. ಒಳ್ಳೆಯ ಜಾಗದಲ್ಲಿ ದುಡಿಯುವವರು ಕೆಲಸದಲ್ಲಿ ಅರ್ಥವಿದೆ ಎಂದೂ ಹೇಳುತ್ತಾರೆ, ಬಿಟ್ಟು ಹೋಗುವುದಿಲ್ಲ ಎಂದೂ ಹೇಳುತ್ತಾರೆ. ಯಾವುದರಿಂದ ಯಾವುದು ಬಂತೆಂದು ಅದರಿಂದ ತಿಳಿಯುವುದಿಲ್ಲ. ಅಮೆರಿಕದ ಎ.ಟಿ. ಅಂಡ್ ಟಿ. ಕಂಪನಿಯಲ್ಲಿ ದಶಕಗಳ ಕಾಲ ದುಡಿದು ನಿವೃತ್ತರಾದ ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ, ನಾಯಕ ಮೊದಲು ಸೇವಕನಾಗಿರಬೇಕೆಂಬ ಸೇವಕ ನಾಯಕತ್ವದ ವಿಚಾರವನ್ನು ಮುಂದಿಟ್ಟಾಗ ಒಂದು ಪರೀಕ್ಷೆಯನ್ನೂ ಕೊಟ್ಟರು: ನಿಮ್ಮ ಕೈಕೆಳಗಿನವರು ಮನುಷ್ಯರಾಗಿ ಬೆಳೆಯುತ್ತಿದ್ದಾರೆಯೇ, ಹೆಚ್ಚು ಆರೋಗ್ಯವಂತರೂ ಸ್ವತಂತ್ರರೂ ಆಗುತ್ತಿದ್ದಾರೆಯೇ, ಮತ್ತು ಎಲ್ಲರಿಗಿಂತ ಕೆಳಗಿರುವವರಿಗೆ ಇದರಿಂದ ಒಳ್ಳೆಯದಾಗುತ್ತಿದೆಯೇ, ಕೊನೆಯ ಪಕ್ಷ ಇನ್ನಷ್ಟು ಕೇಡಾಗದೆ ಇದೆಯೇ ಎಂಬುದು. ನಿಮ್ಮ ಕಾರ್ಖಾನೆಯಲ್ಲಿ ಎಲ್ಲರಿಗಿಂತ ಕೆಳಗಿರುವವರು ಫೆಟ್ಲಿಂಗ್‌ನ ಗುತ್ತಿಗೆಯವರು. ಆದ್ದರಿಂದ ಶಿಬಿರಕ್ಕೆಂದು ತೆಗೆದಿಟ್ಟ ಹಣವನ್ನು ಈ ವರ್ಷ ಅಲ್ಲಿನ ಧೂಳು ಹೀರುವ ವ್ಯವಸ್ಥೆಗೆ ಹಾಕಿ, ಸಾಲದಿದ್ದರೆ ನಿಮ್ಮ ಸ್ವಂತ ಖಾತೆಯಿಂದ ಸೇರಿಸಿ, ಏಕೆ ಹಾಗೆ ಮಾಡಿದಿರೆಂದು ಸೂಪರ್‌ವೈಸರ್‌ಗಳಿಗೆ ಬಿಡಿಸಿ ಹೇಳಿ. ಶಿಬಿರದ ಮಾತನ್ನು ಮುಂದಿನ ವರ್ಷ ಆ ಹಿರಿಯ ಕೆಲಸಗಾರರನ್ನೂ ಕೂರಿಸಿಕೊಂಡು ನಿರ್ಧರಿಸಬಹುದು.